ನೆಟ್ಟ ಮೇಲೆ ನೀರು ಹೊರುವವರು

ಸಾಲುಮರದ ತಿಮ್ಮಕ್ಕ ಹುಟ್ಟಿದ್ದು ಗುಬ್ಬಿ ತಾಲ್ಲೂಕಿನಲ್ಲಿ. ಮದುವೆಯಾಗಿ ಹೋಗಿದ್ದು ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೆ. ಹುಲಿಕಲ್–ಕುದೂರು ರಸ್ತೆಯಲ್ಲಿ ಅವರೂ ಪತಿ ಚಿಕ್ಕಯ್ಯನವರೂ ಬೆಳೆಸಿದ 385 ಆಲದ ಮರಗಳ ಲೆಕ್ಕ ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಮೊದಲ ವರ್ಷ ನೆಟ್ಟಿದ್ದು ಬರೀ 10 ಸಸಿ. ಮರುವರ್ಷ 15, ಅದರ ಮುಂದಿನ ವರ್ಷ 20. ಕೂಲಿ ಮಾಡಿ ಬದುಕುತ್ತಿದ್ದ ದಂಪತಿ ಅವಕ್ಕೆ ನಾಲ್ಕು ಕಿಲೋಮೀಟರ್ ದೂರ ನೀರು ಹೊತ್ತರು, ದನ ಬಾಯಿ ಹಾಕದಂತೆ ಸುತ್ತ ಮುಳ್ಳು ಕಟ್ಟಿದರು. ತಿಮ್ಮಕ್ಕ 2025ರ ನವೆಂಬರ್ 14ರಂದು ತೀರಿಕೊಂಡಾಗ ಬಂದ ಶ್ರದ್ಧಾಂಜಲಿಗಳಲ್ಲಿ ಮರಗಳಿಗೆ ಸಿಕ್ಕಷ್ಟು ಜಾಗ ಆ ಕೊಡಗಳಿಗೆ ಸಿಗಲಿಲ್ಲ.

ಜೂನ್ 5ರ ಪರಿಸರ ದಿನಕ್ಕೆ ಗಿಡ ನೆಡುವ ಉತ್ಸಾಹ ತಿಮ್ಮಕ್ಕ ಹುಟ್ಟಿದ ತುಮಕೂರು ಜಿಲ್ಲೆಯಲ್ಲೂ ಕಡಿಮೆಯಿಲ್ಲ. ಏನನ್ನು, ಎಲ್ಲಿ ಎಂಬಲ್ಲೇ ತಕರಾರು. ಹೊಂಗೆ, ಹಿಪ್ಪೆ, ನೇರಳೆ, ಅತ್ತಿ ಈ ನೆಲಕ್ಕೆ ಒಗ್ಗಿದವು. ಹಾಗೆಂದು ಅವನ್ನು ಕೆರೆ ಏರಿಯ ಮೇಲೆ ನೆಟ್ಟರೆ ಕೆಟ್ಟಿತು. ಮರ ಸತ್ತು ಬೇರು ಕೊಳೆತರೆ ಅದೇ ಜಾಡು ಹಿಡಿದು ನೀರು ಜಿನುಗುತ್ತದೆ. ಏರಿಗೆ ಹುಲ್ಲೇ ಸರಿ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಂತೂ ನೆಡದಿರುವುದೇ ಉಪಕಾರ. 798 ಎಕರೆಯ ಆ ಹುಲ್ಲುಗಾವಲು ಕೃಷ್ಣಮೃಗಗಳ ಮನೆ, 2007ರಿಂದ ಜಯಮಂಗಲಿ ಸಂರಕ್ಷಿತ ಪ್ರದೇಶ. ಬಯಲು ಕಂಡರೆ ಪಾಳು ಎನ್ನುವ ನಮ್ಮ ಕಣ್ಣಿಗೆ ಇದು ಒಪ್ಪಿಗೆಯಾಗಲು ಸಮಯ ಹಿಡಿಯಿತು.

ಇನ್ನು ನೀರು. ದೇವರಾಯನದುರ್ಗದ ಬೆಟ್ಟದ ಸಾಲಿನಲ್ಲಿ ಬಿದ್ದ ಮಳೆ ಎರಡು ಪಾಲಾಗುತ್ತದೆ. ಜಯಮಂಗಲಿ ಉತ್ತರಕ್ಕೆ ಹರಿದು ಪಿನಾಕಿನಿಯನ್ನು ಸೇರುತ್ತದೆ. ಶಿಂಷಾ ಗುಬ್ಬಿ ತಾಲ್ಲೂಕಿನ ಕಡಬ ಕೆರೆಯನ್ನು ಹಾದು, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ತುಂಬಿಸಿ ಕಾವೇರಿಗೆ ಇಳಿಯುತ್ತದೆ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ನಡುವೆ ರಾಜಕಾಲುವೆ ಲೇಔಟಿನಡಿ ಸೇರಿಹೋಗಿದ್ದರೆ, ಭಾನುವಾರ ಬಂದ ಸ್ವಯಂಸೇವಕರು ಕೆರೆಯಂಗಳದ ಪ್ಲಾಸ್ಟಿಕ್ ಎಷ್ಟು ಆರಿಸಿದರೇನು? ಕೆರೆ ಕೆಲಸಕ್ಕೆ ಇಳಿಯುವ ತಂಡ ಮೊದಲು ಸರ್ವೆ ನಕ್ಷೆ ಹಿಡಿದು ಕಾಲುವೆಯುದ್ದಕ್ಕೂ ನಡೆಯಬೇಕು. ಸೆಲ್ಫಿಗೆ ಸಿಗುವ ಕೆಲಸವಲ್ಲ, ಜಗಳಕ್ಕೂ ಕಾರಣವಾಗಬಹುದು. ಆದರೂ ಕಂದಾಯ ಇಲಾಖೆಗೆ ಕೊಡುವ ಒಂದು ಅರ್ಜಿ ಹತ್ತು ಟ್ರ್ಯಾಕ್ಟರ್ ಹೂಳಿಗಿಂತ ಹೆಚ್ಚು ನೀರು ತರಬಲ್ಲದು.

ಕಾಲುವೆಯ ಹೂಳು, ಲಂಟಾನ ತೆಗೆಯಲು ಹದವಾದ ಕಾಲ ಮಾರ್ಚ್–ಏಪ್ರಿಲ್. ಹಿಂದಿನ ಮಳೆಗಾಲದ ಸಸಿಗಳಿಗೆ ಬಿಂದಿಗೆ ನೀರು ಬೇಕಾಗುವುದೂ ಆಗಲೇ. ಜೂನಿನಲ್ಲಿ ಗುಂಡಿ ತೋಡಿದ್ದ ಕಾಲೇಜು ಹುಡುಗರು ಆ ಹೊತ್ತಿಗೆ ಪರೀಕ್ಷೆಗೆ ಕೂತಿರುತ್ತಾರೆ.