ಕಾಕನ ವಿಳಾಸದಲ್ಲಿ ಜೂಜಿನ ಅಂಗಡಿ

ನಮ್ಮ ಕುಟುಂಬದ ಒಂದು ಮದುವೆ. ಊಟ ಮುಗಿದು ಹಿರಿಯರೆಲ್ಲ ಕುರ್ಚಿ ಹಾಕಿಕೊಂಡು ಕೂತಿದ್ದರು. ಅಷ್ಟರಲ್ಲಿ ಸಂಬಂಧಿಕರೊಬ್ಬರು ನಮ್ಮನ್ನು ಬದಿಗೆ ಕರೆದರು. ಅವರ ಕೈಯಲ್ಲಿ ಗಲ್ಫಿನ ಸಂಘವೊಂದರ ಹಳೆಯ ಸ್ಮರಣ ಸಂಚಿಕೆ ಇತ್ತು. ಅದರ ಕೊನೆಯ ಪುಟದಲ್ಲಿ ಮರ್ಹೂಂ ಕಾಕನ ಬ್ಲಾಗಿನ ವಿಳಾಸ. "ಇದನ್ನು ಒತ್ತಿದರೆ ಎಂತ ಬರುವುದು ಅಂತ ನೀವೇ ನೋಡಿ" ಅಂದರು. ನೋಡಿದೆವು. ಇಸ್ಪೀಟು ಎಲೆ, ತಿರುಗುವ ಚಕ್ರ, ಹಣ ಹಾಕಿ ಹಣ ಗೆಲ್ಲಿ ಎಂಬ ಆಹ್ವಾನ. ಬದುಕಿನಲ್ಲಿ ಒಮ್ಮೆಯೂ ಲಾಟರಿ ಟಿಕೆಟ್ ಮುಟ್ಟದ ಮನುಷ್ಯನ ಹೆಸರಿನ ವಿಳಾಸದಲ್ಲಿ ಜೂಜಿನ ಅಂಗಡಿ!

ಕಾಕ ಅಂದರೆ ನಮ್ಮ ಉಮ್ಮನ ಅಣ್ಣ. ಊರವರೆಲ್ಲ ಕಾಕ ಎನ್ನುತ್ತಿದ್ದರು, ನಾವೂ ಹಾಗೆಯೇ ಕರೆದೆವು. ದಮಾಮಿನಲ್ಲಿ ಕೆಲಸ. ಶುಕ್ರವಾರದ ರಜೆಯಲ್ಲಿ ಕೂತು ಬರೆಯುವ ಹವ್ಯಾಸ. ಬ್ಯಾರಿ ಗಾದೆಗಳು, ಬಂದರಿನ ಹಳೆಯ ಅಂಗಡಿಗಳ ನೆನಪು, ಪತ್ತಿರ್ ಮಾಡುವ ಕ್ರಮ, ಹೀಗೆ ಏನಾದರೂ ಒಂದು. ಒಮ್ಮೆ ಊರಿಗೆ ಬಂದಾಗ ಉಮ್ಮನ ಉಮ್ಮನನ್ನು ಕೂರಿಸಿ ಐದು ಮೋಯಿಲಾಂಜಿ ಪಾಟ್ಟ್ ಹಾಡಿಸಿ, ರೆಕಾರ್ಡ್ ಮಾಡಿ, ಅದನ್ನೂ ಬ್ಲಾಗಿಗೆ ಹಾಕಿದ್ದರು.

ಕಾಕ ತೀರಿಕೊಂಡದ್ದು 2017ರಲ್ಲಿ. ಬ್ಲಾಗಿನ ಬಗ್ಗೆ ಆಗ ಯಾರು ಯೋಚಿಸುತ್ತಾರೆ? ಸರ್ವರಿನ ಬಾಡಿಗೆ ಹೋಗುತ್ತಿದ್ದುದು ಅವರ ಕಾರ್ಡಿನಿಂದ, ಆ ಕಾರ್ಡ್ ಬಂದ್ ಆಯಿತು. ವಿಳಾಸ ನವೀಕರಿಸಿ ಎಂಬ ನೋಟಿಸುಗಳು ಹೋಗುತ್ತಿದ್ದುದು ಅವರ ಇಮೇಲಿಗೆ, ಅದರ ಪಾಸ್‌ವರ್ಡ್ ಅವರೊಬ್ಬರಿಗೇ ಗೊತ್ತು. ಡಾಟ್ ಕಾಮ್ ವಿಳಾಸದ ಅವಧಿ ಮುಗಿದ ಕೂಡಲೇ ಅದು ಕೈಬಿಟ್ಟು ಹೋಗುವುದಿಲ್ಲ. ಸ್ವಲ್ಪ ದಿನ ಹಾಗೆಯೇ ನವೀಕರಿಸಬಹುದು, ಆಮೇಲೆ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು. ಅದೂ ಕಳೆದ ಮೇಲೆ ಯಾರು ಮೊದಲು ಹಣ ಕಟ್ಟುತ್ತಾರೋ ಅವರದ್ದು. ನಾಲ್ಕು ಜನ ಓಡಾಡಿದ ಹಳೆಯ ವಿಳಾಸ ಬೀದಿಗೆ ಬೀಳುವುದನ್ನೇ ಕಾಯುವವರಿದ್ದಾರೆ. ನಮಗೆ ಇದೆಲ್ಲ ಗೊತ್ತಾಗುವಾಗ ವರ್ಷಗಳೇ ಕಳೆದಿದ್ದವು.

ಮದುವೆ ಮುಗಿಸಿ ಬಂದ ರಾತ್ರಿಯೇ ಹುಡುಕಲು ಕೂತೆವು. ನಾವು ಮೂವರು: ಅಕ್ಕ ಮತ್ತು ನಾನು ಊರಲ್ಲಿ, ತಮ್ಮ ಜುಬೈಲಿನಲ್ಲಿ. ಇಂಟರ್‌ನೆಟ್ ಆರ್ಕೈವ್ ಎಂಬ ಸಂಸ್ಥೆ 1996ರಿಂದ ಜಗತ್ತಿನ ಜಾಲತಾಣಗಳ ನಕಲು ತೆಗೆದಿಡುತ್ತಾ ಬಂದಿದೆ. ಅವರ ವೇಬ್ಯಾಕ್ ಮೆಷಿನ್‌ನಲ್ಲಿ ಕಾಕನ ಹಳೆಯ ವಿಳಾಸ ಹಾಕಿದರೆ, ಅಲ್‌ಹಮ್ದುಲಿಲ್ಲಾಹ್, ಬರಹಗಳು ಹೆಚ್ಚಿನವು ಸಿಕ್ಕಿದವು. ಫೋಟೊಗಳು ಅರ್ಧಕ್ಕರ್ಧ. ಹಾಡು ಒಂದೂ ಇಲ್ಲ.

ಸಿಕ್ಕ ಬರಹದಲ್ಲೂ ಶುರುವಿನವನ್ನು ಓದಲಿಕ್ಕೆ ಆಗುತ್ತಿರಲಿಲ್ಲ. ಸೈಬರ್ ಕೆಫೆ ಕಾಲದ ಕನ್ನಡ ಅದು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರದ ಸಂಕೇತ, ಮೇಲೆ ಕನ್ನಡದ ವೇಷ. ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ತೆರೆದರೆ ಬರೀ ಚುಕ್ಕೆ, ಗೀಟು, ಕೊಂಬು. ಯೂನಿಕೋಡಿಗೆ ಬದಲಾಯಿಸುವ ಸಾಧನಗಳೇನೋ ಉಂಟು. ಆದರೆ ಬದಲಾದ ಮೇಲೆ ಒತ್ತಕ್ಷರಗಳು ಅಲ್ಲಲ್ಲಿ ಕಾಲು ಮುರಿದುಕೊಂಡಿರುತ್ತವೆ. ಕನ್ನಡದ ಮಾತಾದರೆ ಊಹಿಸಿ ತಿದ್ದಬಹುದು. ಬ್ಯಾರಿ ಪದ ಬಂದಲ್ಲಿ ನಮಗೂ ಸಂಶಯ. ಪದದ ಕೊನೆಯ ಆ ಅರ್ಧ ಉಕಾರಕ್ಕೆ ಕನ್ನಡದಲ್ಲಿ ಬೇರೆ ಅಕ್ಷರ ಇಲ್ಲವಲ್ಲ, ಕಾಕ ಒಂದು ಕಡೆ 'ಪಾಟ್' ಅಂತ ಬರೆದರೆ ಇನ್ನೊಂದು ಕಡೆ 'ಪಾಟ್ಟ್'. ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಉಮ್ಮನ ಹತ್ತಿರ ಗಟ್ಟಿಯಾಗಿ ಓದಿಸಿ, ಅವರು ಹೌದು ಎಂದದ್ದನ್ನೇ ಇಟ್ಟೆವು. ಮೂರು ತಿಂಗಳು ಹಿಡಿಯಿತು. ಆ ಮೂರು ತಿಂಗಳಲ್ಲಿ ಉಮ್ಮ ನಮಗೆ ಹೇಳಿದ ಕಥೆಗಳು ಕಾಕನ ಬರಹಕ್ಕಿಂತ ಹೆಚ್ಚಾದವು, ಅದು ಬೇರೆ ವಿಷಯ.

ಸರಿ, ಇದನ್ನೆಲ್ಲ ಈಗ ಎಲ್ಲಿ ಇಡುವುದು? "ವಾಟ್ಸಾಪ್ ಗ್ರೂಪಿಗೆ ಹಾಕಿ, ಯೂಟ್ಯೂಬ್ ಉಂಟಲ್ಲ" ಎಂದವರೇ ಜಾಸ್ತಿ. ತಪ್ಪಲ್ಲ, ನಾವೂ ಹಾಕುತ್ತೇವೆ. ಆದರೆ ಒಂದು ಕಾಲದಲ್ಲಿ ಆರ್ಕುಟ್‌ನಲ್ಲಿ ಇಲ್ಲದ ಹುಡುಗರೇ ಇರಲಿಲ್ಲ, 2014ರಲ್ಲಿ ಅದು ಬಾಗಿಲು ಹಾಕಿತು. ಗೂಗಲ್ ಪ್ಲಸ್ 2019ರಲ್ಲಿ ಹೋಯಿತು. ಯಾಹೂ ಗ್ರೂಪ್ಸ್ 2020ರಲ್ಲಿ. ಬಿಟ್ಟಿ ಜಾಗ ಕೊಟ್ಟವರು ಎದ್ದೇಳಿ ಎಂದರೆ ಏಳಲೇಬೇಕು. ಸ್ವಂತ ಜಾಗ ಮಾಡಿದ ಕಾಕನ ಗತಿ ಏನಾಯಿತು ಎಂದು ನೀವು ಕೇಳಬಹುದು. ಹೌದು, ಆ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡೇ ನಾವು ಸ್ವಂತದ್ದೇ ಮಾಡಿದೆವು.

ಅಂಗೈಯಗಲದ ರಾಸ್ಪ್‌ಬೆರಿ ಪೈ ಎಂಬ ಕಂಪ್ಯೂಟರ್ ತಂದು ಟಿವಿ ಸ್ಟ್ಯಾಂಡಿನ ಹಿಂದೆ ಇಟ್ಟೆವು. ಐದು ವಾಟ್ ಲೆಕ್ಕ ಹಿಡಿದರೂ ತಿಂಗಳಿಗೆ ನಾಲ್ಕು ಯೂನಿಟ್ ಒಳಗೆ ಮುಗಿಯುತ್ತದೆ. ತೊಂದರೆ ಬಂದದ್ದು ಬೇರೆ ಕಡೆಯಿಂದ. ನಮ್ಮಲ್ಲಿ ಎಷ್ಟೋ ಮನೆಗಳ ಇಂಟರ್‌ನೆಟ್ ಸಂಪರ್ಕಕ್ಕೆ ಹೊರಜಗತ್ತಿಗೆ ಕಾಣುವ ಸ್ವಂತ ನಂಬರ್ ಇರುವುದಿಲ್ಲ. ಹತ್ತಾರು ಮನೆಗೆ ಒಂದೇ ಗೇಟು ಇದ್ದ ಹಾಗೆ, ಒಳಗಿನವರು ಹೊರಗೆ ಹೋಗಬಹುದು, ಹೊರಗಿನವರಿಗೆ ಯಾವ ಮನೆ ಅಂತ ಗೊತ್ತಾಗುವುದಿಲ್ಲ. ತಿಂಗಳಿಗೆ ಇಷ್ಟು ಅಂತ ಹೆಚ್ಚಿಗೆ ಕೊಟ್ಟು ಸ್ಥಿರ ಐಪಿ ವಿಳಾಸ ತೆಗೆದುಕೊಂಡೆವು. ಬೀಗದ ಗುರುತು ಕಾಣಲು ಬೇಕಾದ ಪ್ರಮಾಣಪತ್ರ ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಧರ್ಮಕ್ಕೆ ಸಿಗುತ್ತದೆ. ಅದರ ಆಯಸ್ಸು 90 ದಿನ, ತಾನಾಗಿ ನವೀಕರಣವಾಗುವಂತೆ ಹೊಂದಿಸಿದ್ದೇವೆ.

ಮೊದಲು ವರ್ಡ್‌ಪ್ರೆಸ್ ಹಾಕಿದ್ದೆವು. ಚೆನ್ನಾಗಿಯೇ ಇತ್ತು. ಆದರೆ ತೆರೆದಿಟ್ಟ ಮೊದಲ ವಾರದಿಂದಲೇ ಎಲ್ಲೆಲ್ಲಿಂದಲೋ ಯಾಂತ್ರಿಕವಾಗಿ ಪಾಸ್‌ವರ್ಡ್ ಊಹಿಸಿ ನೋಡುವ ಕಾಟ, ರಾತ್ರಿಯಿಡೀ ಯಾರೋ ಬಾಗಿಲ ಚಿಲಕ ಅಲ್ಲಾಡಿಸಿದ ಹಾಗೆ. ಒಂದು ರಂಜಾನ್ ತಿಂಗಳಲ್ಲಿ ಅಪ್‌ಡೇಟ್ ಮಾಡಲು ಉದಾಸೀನ ಮಾಡಿದೆವು. ಪ್ಲಗಿನ್ ಒಂದರ ತೂತಿನಿಂದ ಯಾರೋ ನುಗ್ಗಿ ಕಾಕನ ಗಾದೆಗಳ ನಡುವೆ ಮಾತ್ರೆ ಮಾರುವ ಲಿಂಕ್ ಸಿಕ್ಕಿಸಿ ಹೋಗಿದ್ದರು. ಎಲ್ಲ ಅಳಿಸಿ, ಬರೀ ಸಾದಾ ಪುಟಗಳಾಗಿ ಮಾಡಿಕೊಂಡೆವು. ಹ್ಯೂಗೊ ಎಂಬ ತಂತ್ರಾಂಶ ನಮ್ಮ ಬರಹದಿಂದ ಪುಟ ಕಟ್ಟಿಕೊಡುತ್ತದೆ. ಒಳಗೆ ಡೇಟಾಬೇಸ್ ಇಲ್ಲ, ಲಾಗಿನ್ ಇಲ್ಲ, ಆದ ಕಾರಣ ಕೆಡುವುದೂ ಕಡಿಮೆ. ಹೊಸದಾಗಿ ಶುರು ಮಾಡುವವರಿಗೆ ನಾವು ಇದನ್ನೇ ಹೇಳುವುದು.

ಹಾಡಿನ ವಿಷಯಕ್ಕೆ ಬರುವ. ಐದರಲ್ಲಿ ಎರಡು ಕೊನೆಗೂ ಸಿಕ್ಕಿದವು, ಕಾಕನ ಮಗಳ ಹಳೆಯ ಫೋನಿನ ಮೆಮೊರಿ ಕಾರ್ಡಿನಲ್ಲಿ. ಶಬ್ದ ಸ್ವಲ್ಪ ಒಡೆದಿದೆ, ಹಿಂದೆ ಬಾವಿಯ ರಾಟೆ ಕೇಳುತ್ತದೆ. ಆದರೆ ತಾಣಕ್ಕೆ ಹಾಕುವ ಮೊದಲು ಮನೆಯಲ್ಲಿ ಒಂದು ಮಾತು ಎದ್ದಿತು. ಹೆಂಗಸರು ಮದುಮಗಳ ಕೋಣೆಯಲ್ಲಿ ಹಾಡುವ ಹಾಡು, ಅಜ್ಜಿಯ ದನಿಯನ್ನು ಊರಿಗೆಲ್ಲ ಕೇಳಿಸುವುದು ಸರಿಯಾ? ಕಾಕ ಕೇಳಿ ಹಾಕಿದ್ದರೋ ಇಲ್ಲವೋ. ಉಮ್ಮನ ಅಕ್ಕತಂಗಿಯರಲ್ಲಿ ಇಬ್ಬರು ಬೇಡ ಎಂದರು, ಉಮ್ಮ ಹಾಕಿ ಎಂದರು. ಕೊನೆಗೆ ಹಾಡಿನ ಸಾಲುಗಳನ್ನು ಎಲ್ಲರಿಗೂ ಇಟ್ಟು, ದನಿಯನ್ನು ಪಾಸ್‌ವರ್ಡ್ ಇರುವ ಪುಟದಲ್ಲಿ ಕುಟುಂಬದವರಿಗೆ ಮಾತ್ರ ಇಟ್ಟೆವು. ಜಾಗ ನಮ್ಮದೇ ಆದ್ದರಿಂದ ಇಷ್ಟು ನಾವೇ ನಿರ್ಧಾರ ಮಾಡಲು ಆಯಿತು. ಈ ಚರ್ಚೆ ಇನ್ನೂ ಮುಗಿದಿಲ್ಲ, ಪ್ರತಿ ಪೆರ್ನಾಲಿಗೆ ಒಮ್ಮೆ ಮೇಲೆ ಬರುತ್ತದೆ.

ಪ್ರತಿ ಕಡತಕ್ಕೆ ಈಗ ಮೂರು ನಕಲು. ಒಂದು ಪೈನಲ್ಲಿ, ಒಂದು ಕಪಾಟಿನ ಹಾರ್ಡ್ ಡಿಸ್ಕಿನಲ್ಲಿ, ಒಂದು ಜುಬೈಲಿನಲ್ಲಿ. ನಕಲು ತೆಗೆದರೆ ಸಾಲದು, ಆಗಾಗ ತೆರೆದು ನೋಡಬೇಕು. ನಮ್ಮ ಮೊದಲ ನಕಲಿನಲ್ಲಿ ಹಾಡಿನ ಫೋಲ್ಡರ್ ಖಾಲಿ ಇದ್ದದ್ದು ಗೊತ್ತಾದದ್ದು ಆರು ತಿಂಗಳಾದ ಮೇಲೆ. ಹೊಸ ಡಾಟ್ ಇನ್ ವಿಳಾಸಕ್ಕೆ ಹತ್ತು ವರ್ಷದವರೆಗೆ ಮುಂಗಡ ಕಟ್ಟಲು ಅವಕಾಶ ಉಂಟು, ನಾವು ಐದು ವರ್ಷಕ್ಕೆ ಕಟ್ಟಿದ್ದೇವೆ. ಕೊನೆಯ ದಿನಾಂಕ ಮತ್ತು ಎಲ್ಲ ಪಾಸ್‌ವರ್ಡುಗಳು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಜಾಗದ ದಾಖಲೆಗಳ ಜೊತೆ ಇವೆ. ಕಂಪ್ಯೂಟರ್ ಬಲ್ಲವರು ನಗಬಹುದು. ಕಾಕನ ಮನೆಯಲ್ಲಿ ಅಂಥ ಒಂದು ಪುಸ್ತಕ ಇದ್ದಿದ್ದರೆ ಈ ಲೇಖನ ಬೇಕಾಗುತ್ತಿರಲಿಲ್ಲ.

ಇನ್ನು ಮೂರು ಹಾಡು ಸಿಕ್ಕಿಲ್ಲ. 2010ರ ಆಸುಪಾಸಿನಲ್ಲಿ ದಮಾಮಿನಲ್ಲಿದ್ದ ಕೆಲವರಿಗೆ ಕಾಕ ಸಿಡಿ ಮಾಡಿ ಕೊಟ್ಟಿದ್ದರಂತೆ. ನಿಮ್ಮ ಮನೆಯ ಹಳೆಯ ಸೂಟ್‌ಕೇಸಿನಲ್ಲಿ ಹೆಸರು ಬರೆಯದ ಸಿಡಿ ಇದ್ದರೆ ಬಿಸಾಡುವ ಮೊದಲು ಒಮ್ಮೆ ಹಾಕಿ ಕೇಳಿ. ಹಿಂದೆ ಬಾವಿಯ ರಾಟೆ ಕೇಳಿದರೆ ಅದು ನಮ್ಮದು.

ಕಳೆದ ಮೇ ತಿಂಗಳಲ್ಲಿ ಕರೆಂಟಿನ ತಂತಿಯಲ್ಲಿ ಸಿಡಿಲು ಬಂದು ರೂಟರ್ ಸುಟ್ಟು ಹೋದ ಮೇಲೆ, ಗುಡುಗು ಶುರುವಾದರೆ ಉಮ್ಮ ಫ್ರಿಜ್ಜಿನ ಪ್ಲಗ್ ತೆಗೆಯುವಾಗ ಇದರದ್ದೂ ತೆಗೆಯುತ್ತಾರೆ. ಒಮ್ಮೆಲೇ ಎಳೆದರೆ ಮೆಮೊರಿ ಕಾರ್ಡ್ ಕೆಡುತ್ತದೆ ಎಂದು ಹೇಳಿ, ಮೊದಲು ಬಟನ್ ಒತ್ತಿ ಆಫ್ ಮಾಡಲು ಕಲಿಸಿದ್ದೇವೆ. ಮೊನ್ನೆ ಜುಬೈಲಿನಿಂದ ತಮ್ಮನ ಫೋನ್, ತಾಣ ತೆರೆಯುವುದಿಲ್ಲ, ಏನಾಯಿತು ಅಂತ ಗಾಬರಿ. ಉಮ್ಮ ಫೋನ್ ತೆಗೆದುಕೊಂಡು ಹೇಳಿದರು: "ಇಲ್ಲಿ ಜೋರು ಗುಡುಗು ಉಂಟು ಮಗ. ಅಸರ್ ಕಳೆದ ಮೇಲೆ ನೋಡು."