ಧಾನ್ಯಸಂಗ್ರಹ: ವಿವೇಕ ಮತ್ತು ಭೀತಿ

ಗೃಹಸ್ಥನಾದವನು ಮನೆಯಲ್ಲಿ ಕಾಳುಕಡಿಯನ್ನು ಕೂಡಿಟ್ಟುಕೊಳ್ಳುವುದು ಗುಣವೋ ದೋಷವೋ ಎಂಬ ಪ್ರಶ್ನೆ ಹಳೆಯದು. ಮಳೆಯನ್ನೇ ನಂಬಿದ ನಾಡಿನಲ್ಲಿ ನಾಳೆಗೆಂದು ಏನನ್ನೂ ತೆಗೆದಿರಿಸದವನು ಅವಿವೇಕಿಯೆನಿಸುತ್ತಾನೆ. ನೆರೆಯವನು ಹಸಿದಿರುವಾಗ ಕೂಡಿಟ್ಟುಕೊಂಡವನು ಲೋಭಿಯೆನಿಸುತ್ತಾನೆ. ಒಂದೇ ಕ್ರಿಯೆಗೆ ಈ ಎರಡು ಹೆಸರುಗಳು ಬರುವುದೇಕೆ? ಕೂಡಿಟ್ಟ ಪ್ರಮಾಣವೊಂದೇ ಇದಕ್ಕೆ ಉತ್ತರವಾಗಲಾರದು. ಯಾವ ಕಾಲದಲ್ಲಿ ಕೂಡಿಟ್ಟನು, ಯಾರ ಪಾಲಿನಿಂದ ತೆಗೆದು ಕೂಡಿಟ್ಟನು ಎಂಬುದನ್ನು ವಿಚಾರಿಸಿದಲ್ಲದೆ ಈ ಪ್ರಶ್ನೆ ಇತ್ಯರ್ಥವಾಗದು.

ಉತ್ತರ ಕರ್ನಾಟಕದ ಜೋಳದ ಸೀಮೆಯಲ್ಲಿ ಪ್ರಚಲಿತವಾಗಿದ್ದ ಹಗೇವನ್ನು ಇಲ್ಲಿ ನೆನೆಯಬಹುದು. ನೆಲದಲ್ಲಿ ಆಳವಾದ ಕುಳಿಯನ್ನು ತೋಡಿ, ಒಳಮೈಗೆ ಹುಲ್ಲನ್ನು ಹೊದಿಸಿ, ಜೋಳವನ್ನು ತುಂಬಿ, ಬಾಯಿಗೆ ಕಲ್ಲುಚಪ್ಪಡಿಯನ್ನಿಟ್ಟು ಮಣ್ಣಿನಿಂದ ಮುಚ್ಚುತ್ತಿದ್ದರು. ಒಳಗಿನ ಕಾಳು ತನ್ನ ಉಸಿರಾಟದಿಂದಲೇ ಆಮ್ಲಜನಕವನ್ನು ತೀರಿಸಿ ಇಂಗಾಲಾಮ್ಲ ವಾಯುವನ್ನು ತುಂಬುವುದರಿಂದ ಹುಳುಗಳು ಅಲ್ಲಿ ಬದುಕಲಾರವು. ಆ ವಾಯು ಮನುಷ್ಯನಿಗೂ ಮಾರಕವಾದುದರಿಂದ ಹಗೇವಿನ ಬಾಯಿಯನ್ನು ತೆರೆದು ಬಹಳ ಹೊತ್ತು ಗಾಳಿಯಾಡಲು ಬಿಟ್ಟು, ದೀಪವನ್ನು ಇಳಿಬಿಟ್ಟು ಪರೀಕ್ಷಿಸಿ, ಆ ಬಳಿಕ ಇಳಿಯುವುದು ರೂಢಿಯಾಗಿತ್ತು. ನಿತ್ಯದ ಬಳಕೆಗೆ ಕಣಜ, ಗುಡಾಣಗಳಿದ್ದವು; ಹಗೇವು ಮಳೆಗೆಟ್ಟ ವರುಷದ ಆಸರೆ. ಅದರಿಂದ ಕೊಟ್ಟ ಕಾಳಿಗೆ ಸುಗ್ಗಿಯಲ್ಲಿ ಕಾಲುಪಾಲು ಹೆಚ್ಚಾಗಿ ಹಿಂದೆ ಅಳೆಸಿಕೊಳ್ಳುವ ಸಾಹುಕಾರರೂ ಇದ್ದರೆಂಬುದು ನಿಜ. ಆದರೆ ಸಂಗ್ರಹದ ಕಾಲ ಮಾತ್ರ ಸರಿಯಾದುದಾಗಿತ್ತು. ಸುಗ್ಗಿಯಲ್ಲಿ ಕಾಳು ವಿಪುಲವಾಗಿ ಬೆಲೆ ಇಳಿದಿರುವಾಗ ತೆಗೆದಿರಿಸಿದುದು ಯಾರ ತುತ್ತನ್ನೂ ಕಸಿಯುವುದಿಲ್ಲ. ಅಷ್ಟೇ ಅಲ್ಲ, ಕೊರತೆಯ ದಿನಗಳಲ್ಲಿ ಆ ಮನೆಯವರು ಪೇಟೆಗೆ ಹೋಗಬೇಕಾಗದುದರಿಂದ ಅಲ್ಲಿರುವ ಕಾಳು ಇತರರಿಗೆ ಉಳಿಯುತ್ತದೆ.

ಭೀತಿಯ ಸಂಗ್ರಹದ ರೀತಿ ಇದಕ್ಕೆ ವಿಪರೀತವಾದುದು. ಒಂದು ಊರಿನಲ್ಲಿ 100 ಮನೆಗಳಿವೆಯೆಂದೂ ಪ್ರತಿ ಮನೆಗೆ ವಾರಕ್ಕೆ 5 ಕಿಲೋ ಅಕ್ಕಿ ಬೇಕೆಂದೂ ಇಟ್ಟುಕೊಳ್ಳೋಣ. ಅಂಗಡಿಯವನು ವಾರಕ್ಕೆ 600 ಕಿಲೋ ತರಿಸಿದರೆ ಎಲ್ಲರಿಗೂ ಸಾಕಾಗಿ 100 ಕಿಲೋ ಮಿಗುತ್ತದೆ. ಸುಳ್ಳುಸುದ್ದಿಯೊಂದನ್ನು ಕೇಳಿ ಬಂದವರೆಲ್ಲರೂ ಮೂರು ವಾರಕ್ಕಾಗುವಷ್ಟನ್ನು, ಎಂದರೆ 15 ಕಿಲೋವನ್ನು ಒಯ್ದರೆ ಅದೇ ಅಕ್ಕಿ 40 ಮನೆಗಳಿಗೆ ಮುಗಿದುಹೋಗುತ್ತದೆ. ಅಕ್ಕಿ ಒಂದು ಹಿಡಿಯಷ್ಟೂ ಕಡಮೆಯಾಗಿಲ್ಲ; ಆದರೂ 60 ಮನೆಯವರು ಬರಿಗೈಯಲ್ಲಿ ಮರಳುತ್ತಾರೆ. ಈ 60 ಮನೆಯವರು ಯಾರು? ಮುಂಗಡ ಹಣವಿಲ್ಲದವರು, ಅಂದಿನ ಕೂಲಿಯನ್ನು ಪಡೆದು ಸಂಜೆಗೆ ಅಂಗಡಿಗೆ ಬರುವವರು. ಕೊರತೆಯ ಸುದ್ದಿ ಮುಂಜಾನೆ ಸುಳ್ಳಾಗಿದ್ದರೂ ಅವರ ಪಾಲಿಗೆ ಸಂಜೆಗೆ ಸತ್ಯವಾಗಿರುತ್ತದೆ.

2016ರ ನವೆಂಬರಿನಲ್ಲಿ ಉತ್ತರ ಭಾರತದ ಹಲವು ನಗರಗಳಲ್ಲಿ ಉಪ್ಪು ಸಿಗದಾಗುವುದೆಂಬ ಗಾಳಿಸುದ್ದಿ ಹಬ್ಬಿ, ಜನ ರಾತ್ರಿಯಲ್ಲಿ ಅಂಗಡಿಗಳಿಗೆ ಮುಗಿಬಿದ್ದು, ಕೆಲವೆಡೆ ಕಿಲೋ ಉಪ್ಪಿಗೆ ನೂರು ರೂಪಾಯಿಗೂ ಮಿಕ್ಕ ಬೆಲೆಯನ್ನು ತೆತ್ತರು. ಉಪ್ಪಿನ ಉತ್ಪಾದನೆಯಲ್ಲಿ ಜಗತ್ತಿನ ಮುಂಚೂಣಿಯಲ್ಲಿರುವ ದೇಶದಲ್ಲಿ ನಡೆದ ಸಂಗತಿಯಿದು. ಅದು ಕೆಲವೇ ದಿನಗಳಲ್ಲಿ ಶಮನವಾಯಿತು. 1943ರ ಬಂಗಾಳದಲ್ಲಿ ಹಾಗಾಗಲಿಲ್ಲ. ಅಲ್ಲಿ ಸುಮಾರು 30 ಲಕ್ಷ ಜನ ಮಡಿದರೆಂದು ಅಂದಾಜು. ಆ ವರ್ಷ ಅಲ್ಲಿದ್ದ ಆಹಾರಧಾನ್ಯ ಕ್ಷಾಮವಿಲ್ಲದ 1941ಕ್ಕಿಂತ ಕಡಮೆಯಾಗಿರಲಿಲ್ಲವೆಂದು ಅಮರ್ತ್ಯ ಸೇನರು 1981ರ ತಮ್ಮ ಗ್ರಂಥದಲ್ಲಿ ತೋರಿಸಿದ್ದಾರೆ. ಯುದ್ಧಕಾಲದ ಬೆಲೆಯೇರಿಕೆ, ವರ್ತಕರ ದಾಸ್ತಾನು, ಭೀತಿಯ ಖರೀದಿ ಇವೆಲ್ಲ ಕೂಡಿ ಅಕ್ಕಿಯನ್ನು ಕೂಲಿಕಾರನ ಕೈಗೆಟುಕದಂತೆ ಮಾಡಿದ್ದವು.

ಸ್ವತಂತ್ರ ಭಾರತ ಇಂತಹ ಅನರ್ಥವನ್ನು ತಡೆಯಲು ಎರಡು ಉಪಾಯಗಳನ್ನು ಕೈಗೊಂಡಿತು. ಮೊದಲನೆಯದು 1955ರ ಅಗತ್ಯ ವಸ್ತುಗಳ ಅಧಿನಿಯಮ. ಇದು ವರ್ತಕರ ದಾಸ್ತಾನಿಗೆ ಮಿತಿ ಹಾಕುವ ಅಧಿಕಾರವನ್ನು ಸರಕಾರಕ್ಕೆ ಕೊಡುತ್ತದೆ. ಎರಡನೆಯದು ಪಡಿತರ. 2013ರ ರಾಷ್ಟ್ರೀಯ ಆಹಾರ ಭದ್ರತಾ ಅಧಿನಿಯಮದ ಮೇರೆಗೆ ಆದ್ಯತಾ ಕುಟುಂಬದ ಪ್ರತಿ ವ್ಯಕ್ತಿಗೆ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ ಧಾನ್ಯ ದೊರೆಯತಕ್ಕದ್ದು. ಪಡಿತರವು ಕಣಜವಿಲ್ಲದವನ ಕಣಜ. ನಾಳೆಯ ಕಾಳು ನಿಶ್ಚಿತವಾದವನಿಗೆ ಇಂದು ಧಾವಿಸುವ ಕಾರಣವಿಲ್ಲ.

2020ರ ಮಾರ್ಚ್ 24ರ ರಾತ್ರಿ ದೇಶವ್ಯಾಪಿ ದಿಗ್ಬಂಧನ ಘೋಷಿತವಾದಾಗ ಈ ವ್ಯವಸ್ಥೆಯ ಬಲವೂ ದೌರ್ಬಲ್ಯವೂ ಒಟ್ಟಿಗೇ ಕಂಡುಬಂದವು. ಸರಕಾರದ ಉಗ್ರಾಣಗಳಲ್ಲಿ ನಿಯಮಿತ ಪ್ರಮಾಣಕ್ಕಿಂತ ಬಹುಪಾಲು ಹೆಚ್ಚಿನ ಧಾನ್ಯವಿತ್ತು; ಏಪ್ರಿಲಿನಿಂದ ಪ್ರತಿ ವ್ಯಕ್ತಿಗೆ ಇನ್ನೂ 5 ಕಿಲೋವನ್ನು ಉಚಿತವಾಗಿ ಕೊಡಲು ಸಾಧ್ಯವಾಯಿತು. ಆದರೆ ದುಡಿಮೆಯನ್ನರಸಿ ದೂರದ ನಗರಗಳಿಗೆ ಹೋದವರ ಚೀಟಿ ಊರಿನಲ್ಲಿತ್ತು, ಹಸಿವು ನಗರದಲ್ಲಿತ್ತು. ಚೀಟಿಯಿಲ್ಲದ ವಲಸೆ ಕಾರ್ಮಿಕರಿಗೂ ಧಾನ್ಯವನ್ನು ಕೊಡುವ ನಿರ್ಧಾರ ಪ್ರಕಟವಾದುದು ಮೇ ತಿಂಗಳಲ್ಲಿ. ನಡುವಣ ವಾರಗಳಲ್ಲಿ ಅವರನ್ನು ಸಲಹುವ ಹೊಣೆಯ ಬಹುಭಾಗ ನೆರೆಹೊರೆಯವರ ಮೇಲೆ, ದಿನಸಿಯ ಗಂಟನ್ನು ಹಂಚಿದ ಸಂಘಸಂಸ್ಥೆಗಳ ಮೇಲೆ, ಅನ್ನದ ಒಲೆಯನ್ನು ಆರಗೊಡದ ಮಠಮಂದಿರ ಗುರುದ್ವಾರಗಳ ಮೇಲೆ ಬಿದ್ದಿತು.

ಇಂತಹ ನೆರವನ್ನು ಕೊಡುವಾಗ ಗಮನಿಸಬೇಕಾದ ಸಂಗತಿಗಳು ಎರಡು. ಅಕ್ಕಿಯೊಂದೇ ಊಟವಲ್ಲ, ಬೇಳೆ, ಎಣ್ಣೆ, ಉಪ್ಪು, ಖಾರ, ಉರುವಲು ಇಲ್ಲದಿದ್ದರೆ ಅಕ್ಕಿ ಅನ್ನವಾದರೂ ಊಟವಾಗದು. ಎರಡನೆಯದು ಕೊಡುವ ರೀತಿ. ದಾನದಲ್ಲಿ ಕೊಡುವವನ ಕೈ ಮೇಲಾಗುವ ಅಪಾಯವಿದೆ. ಶರಣರು ಹೇಳಿದ ದಾಸೋಹದಲ್ಲಿ ಕೊಡುವವನೇ ದಾಸನಾಗಿ ನಿಲ್ಲುವುದರಿಂದ ಪಡೆಯುವವನು ಕುಗ್ಗಬೇಕಾಗಿಲ್ಲ. ಪಡೆದವರನ್ನು ಸಾಲಾಗಿ ನಿಲ್ಲಿಸಿ ಛಾಯಾಚಿತ್ರ ತೆಗೆಯಿಸುವುದು ದಾಸೋಹವೆನಿಸದು.

ಗೃಹಸ್ಥನ ಕರ್ತವ್ಯ ಇದರಿಂದ ಸ್ಪಷ್ಟವಾಗುತ್ತದೆ. ಸುಗ್ಗಿಯಲ್ಲಿ ಅಥವಾ ನೆಮ್ಮದಿಯ ದಿನಗಳಲ್ಲಿ ತಿಂಗಳೆರಡು ತಿಂಗಳ ದವಸವನ್ನು ಕೊಂಡು, ಹಳೆಯದನ್ನು ಮೊದಲು ಬಳಸುತ್ತ, ಹೊಸದನ್ನು ತುಂಬುತ್ತ ಇರುವುದು ವಿವೇಕ. ಭೀತಿ ಹಬ್ಬಿದ ದಿನ ಎಂದಿನ ವಾರದ ಪಾಲನ್ನಷ್ಟೇ ಕೊಳ್ಳುವುದು ಸಂಯಮ. ಮನೆಯಲ್ಲಿ ಸಾಕಷ್ಟಿದ್ದರೆ ಅಂದು ಅಂಗಡಿಗೇ ಹೋಗದಿರುವುದು ಇನ್ನೂ ಮೇಲು. ವರ್ತಕನ ಉಗ್ರಾಣಕ್ಕೆ ಕಾನೂನು ಮಿತಿ ಹಾಕಬಲ್ಲುದು. ಅಡುಗೆಮನೆಯಲ್ಲಿರುವ ಎರಡನೆಯ ಮೂಟೆಗೆ ಮಿತಿ ಹಾಕಬೇಕಾದವನು ಆ ಮನೆಯ ಯಜಮಾನನೇ.