ಬುಯೋ ಮಾರು: ಶತ್ರುವಿನ ಹಡಗಿನಲ್ಲಿದ್ದ ನಮ್ಮವರು

1943ರ ಫೆಬ್ರವರಿ 7ರಂದು ಅಮೆರಿಕದ ಜಲಾಂತರ್ಗಾಮಿ 'ವಾಹೂ' ಪರ್ಲ್ ಹಾರ್ಬರ್ ಬಂದರಿಗೆ ಮರಳಿದಾಗ ಅದರ ಪೆರಿಸ್ಕೋಪಿಗೆ ಒಂದು ಪೊರಕೆ ಕಟ್ಟಲಾಗಿತ್ತು. ಎದುರು ಸಿಕ್ಕ ಹಡಗುಗಳನ್ನೆಲ್ಲ ಗುಡಿಸಿ ಹಾಕಿದ್ದೇವೆ ಎಂದು ಅದರ ಅರ್ಥ. ಕಪ್ತಾನ ಡಡ್ಲಿ ಮಾರ್ಟನ್ ಅಮೆರಿಕದ ನೌಕಾಪಡೆಯ ದೊಡ್ಡ ವೀರನಾದ, ಎದೆಯ ಮೇಲೆ ಪದಕಗಳು ಬಂದವು. ಆ ಪೊರಕೆಗೆ ಸಿಕ್ಕವರಲ್ಲಿ ನಮ್ಮ ದೇಶದ ಸೈನಿಕರೂ ಇದ್ದರು ಎಂಬುದು ಅಂದು ಆ ಬಂದರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಜಪಾನಿನ ಸೈನಿಕ ಸಾಗಣೆ ಹಡಗಿನಲ್ಲಿ ಭಾರತೀಯರು ಹೇಗೆ ಬಂದರು? ಅದಕ್ಕೆ ಒಂದು ವರ್ಷ ಹಿಂದಕ್ಕೆ ಹೋಗಬೇಕು. 1941ರ ಡಿಸೆಂಬರಿನಲ್ಲಿ ಜಪಾನಿನ ಸೇನೆ ಮಲಯಕ್ಕೆ ಇಳಿಯಿತು. ಅಲ್ಲಿ ಅದನ್ನು ಎದುರಿಸಿದ ಬ್ರಿಟಿಷ್ ಭಾರತ ಸೇನೆಯ ತುಕಡಿಗಳಲ್ಲಿ 16ನೇ ಪಂಜಾಬ್ ರೆಜಿಮೆಂಟಿನ 2ನೇ ಬೆಟಾಲಿಯನ್ ಒಂದು. 1942ರ ಫೆಬ್ರವರಿ 15ರಂದು ಸಿಂಗಪುರ ಶರಣಾದಾಗ 40 ಸಾವಿರದಷ್ಟು ಭಾರತೀಯ ಸೈನಿಕರು ಜಪಾನೀಯರ ಕೈಗೆ ಸಿಕ್ಕರು. ನಮ್ಮ ಮೈಸೂರು ಸಂಸ್ಥಾನದ 1ನೇ ಪದಾತಿ ದಳವೂ ಆಗ ಸಿಂಗಪುರದಲ್ಲಿತ್ತು, ಅದರ ಸೈನಿಕರೂ ಸೆರೆಯಾದರು. ಹಾಗಾಗಿ ಈ ಕಥೆ ಬರೀ ಪಂಜಾಬಿನದು ಎನ್ನುವ ಹಾಗಿಲ್ಲ.

ಸೆರೆಯಾದವರಲ್ಲಿ ಸಾವಿರಾರು ಮಂದಿ ಆಜಾದ್ ಹಿಂದ್ ಫೌಜ್ ಸೇರಿದರು. ಆ ಭಾಗ ನಮ್ಮ ಪಠ್ಯಪುಸ್ತಕದಲ್ಲಿದೆ. ಸೇರದೆ ಉಳಿದವರ ಪಾಡು ಅಲ್ಲಿಲ್ಲ. ಅವರಲ್ಲಿ ಸಾವಿರಾರು ಜನರನ್ನು ಜಪಾನೀಯರು ಕೂಲಿ ತಂಡಗಳನ್ನಾಗಿ ಮಾಡಿ ನ್ಯೂಗಿನಿ, ನ್ಯೂ ಬ್ರಿಟನ್ ದ್ವೀಪಗಳಿಗೆ ಸಾಗಿಸಿದರು. ಬಂದರಿನಲ್ಲಿ ಮೂಟೆ ಇಳಿಸುವುದು, ವಿಮಾನ ನಿಲ್ದಾಣಕ್ಕೆ ನೆಲ ಸಮ ಮಾಡುವುದು ಅವರ ಕೆಲಸ.

ಬುಯೋ ಮಾರು ಹೊರಟಿದ್ದು ಅಂಥ ಸಾಗಣೆಗೆ. ಜಪಾನಿನ ವ್ಯಾಪಾರಿ ಹಡಗುಗಳ ಹೆಸರು ಸಾಮಾನ್ಯವಾಗಿ 'ಮಾರು' ಎಂದು ಮುಗಿಯುತ್ತದೆ. ಯುದ್ಧ ಬಂದಾಗ ಆ ಸರಕಿನ ಹಡಗುಗಳೇ ಸೈನಿಕರನ್ನು ಹೊತ್ತವು. ಈ ಹಡಗಿನಲ್ಲಿ ಒಟ್ಟು 1,126 ಜನರಿದ್ದರು. ಅವರಲ್ಲಿ 491 ಮಂದಿ 2/16 ಪಂಜಾಬಿನ ಯುದ್ಧಕೈದಿಗಳು. ಜಪಾನೀಯರಲ್ಲಿ ಹೆಚ್ಚಿನವರು 26ನೇ ಫೀಲ್ಡ್ ಆರ್ಡ್ನೆನ್ಸ್ ಡಿಪೋದವರು, ಅಂದರೆ ಮದ್ದುಗುಂಡು, ಸಾಮಾನು ಸರಂಜಾಮಿನ ಉಗ್ರಾಣದ ಸಿಬ್ಬಂದಿ. ನಿಗಡಿಯಲ್ಲಿರುವ ನಮಗೆ ಇಂಥ ಡಿಪೋ ಹೊಸದಲ್ಲ. ಮಗ್ಗುಲಲ್ಲೇ ದೇಹೂರೋಡ್ ಆರ್ಡ್ನೆನ್ಸ್ ಡಿಪೋ ಇದೆ.

1943ರ ಜನವರಿ 26. ನ್ಯೂಗಿನಿಯ ಉತ್ತರಕ್ಕೆ ಸಮುದ್ರದಲ್ಲಿ ವಾಹೂವಿಗೆ ನಾಲ್ಕು ಹಡಗುಗಳು ಎದುರಾದವು. ಟಾರ್ಪಿಡೊ ಬಡಿದು ಬುಯೋ ಮಾರು ನಿಂತಿತು, ಮತ್ತೆ ಹೊಡೆದಾಗ ಮುಳುಗಿತು. ನೂರಾರು ಜನ ನೀರಿಗೆ ಬಿದ್ದರು, ಕೆಲವರು ದೋಣಿ ಹತ್ತಿದರು. ವಾಹೂ ಮೇಲಕ್ಕೆ ಬಂದು ಆ ದೋಣಿಗಳ ಮೇಲೆ ಗುಂಡು ಹಾರಿಸಿತು. ದೋಣಿಯವರೇ ತಿರುಗಿ ಗುಂಡು ಹಾರಿಸಿದರು ಎಂದು ಮಾರ್ಟನ್ ವರದಿ ಬರೆದ. ದಡ ಸೇರಿದರೆ ಈ ಸೈನಿಕರು ನಾಳೆ ನಮ್ಮವರನ್ನು ಕೊಲ್ಲುತ್ತಾರೆ ಎಂಬುದು ಅವನ ಪರವಾಗಿ ವಾದಿಸುವವರ ಮಾತು. ಹಡಗು ಒಡೆದು ನೀರಿಗೆ ಬಿದ್ದವರ ಮೇಲೆ ಗುಂಡು ಹಾರಿಸುವುದು ಯುದ್ಧ ನಿಯಮಕ್ಕೆ ವಿರುದ್ಧ ಎಂಬುದು ಎದುರು ಪಕ್ಷದ ಮಾತು. ಈ ವಾದ ಅಮೆರಿಕದಲ್ಲಿ ಇನ್ನೂ ಮುಗಿದಿಲ್ಲ.

ಮಾರ್ಟನ್ ಅಂದುಕೊಂಡಷ್ಟು ಜನ ಅಲ್ಲಿ ಸಾಯಲಿಲ್ಲ. ಹೆಚ್ಚಿನವರು ಬದುಕುಳಿದರು. ಟಾರ್ಪಿಡೊ ಮತ್ತು ಗುಂಡು ಎರಡೂ ಸೇರಿ ಸತ್ತವರು 282. ಅವರಲ್ಲಿ ಜಪಾನೀಯರು 87, ಭಾರತೀಯರು 195. ಮಿತ್ರಪಕ್ಷದ ಜಲಾಂತರ್ಗಾಮಿ ಕೊಂದವರಲ್ಲಿ ಶತ್ರುಗಳಿಗಿಂತ ಮಿತ್ರಪಕ್ಷದ ಸೈನಿಕರೇ ಎರಡು ಪಟ್ಟಿಗೂ ಹೆಚ್ಚು!

ತಪ್ಪು ಯಾರದು? ಕೈದಿಗಳಿದ್ದಾರೆ ಎಂದು ತೋರಿಸುವ ಯಾವ ಗುರುತನ್ನೂ ಜಪಾನೀಯರು ಇಂಥ ಹಡಗುಗಳ ಮೇಲೆ ಹಾಕುತ್ತಿರಲಿಲ್ಲ. ನೀರಿನಡಿಯಿಂದ ನೋಡುವವನಿಗೆ ಕಾಣುವುದು ಹಡಗಿನ ಆಕಾರ ಮಾತ್ರ, ಒಳಗಿರುವ ಮುಖಗಳಲ್ಲ. ಮುಂದೆಯೂ ಹೀಗೇ ಆಯಿತು. 1944ರ ಸೆಪ್ಟೆಂಬರ್ 18ರಂದು ಸುಮಾತ್ರಾ ಬಳಿ ಬ್ರಿಟಿಷ್ ಜಲಾಂತರ್ಗಾಮಿ 'ಟ್ರೇಡ್‌ವಿಂಡ್' ಮುಳುಗಿಸಿದ ಜುನ್ಯೋ ಮಾರುವಿನಲ್ಲಿ ಮಿತ್ರಪಕ್ಷದ ಕೈದಿಗಳು, ಜಾವಾದ ಕೂಲಿಗಳು ಸೇರಿ 5,000ಕ್ಕೂ ಹೆಚ್ಚು ಜನ ಸತ್ತರು. ಆದರೆ ಬುಯೋ ಮಾರುವಿನ ದೋಣಿಗಳ ವಿಷಯ ಬೇರೆ. ಅಲ್ಲಿ ವಾಹೂ ನೀರಿನ ಮೇಲೇ ಇತ್ತು.

ವಾಹೂ ಕೂಡ ಉಳಿಯಲಿಲ್ಲ. ಅದೇ ವರ್ಷ ಅಕ್ಟೋಬರ್ 11ರಂದು ಜಪಾನಿನ ಉತ್ತರದ ಲಾ ಪೆರೂಸ್ ಜಲಸಂಧಿಯಲ್ಲಿ ಮಾರ್ಟನ್ ಸಹಿತ ಎಲ್ಲರೊಂದಿಗೆ ಮುಳುಗಿತು. 2006ರಲ್ಲಿ ಅದರ ಅವಶೇಷ ಸಿಕ್ಕಿತು, ಅಮೆರಿಕ ಗೌರವ ಸಲ್ಲಿಸಿತು. ಸರಿಯೇ, ಅವರು ತಮ್ಮವರನ್ನು ನೆನೆದರು. ನಮ್ಮ 195 ಜನರನ್ನು ನೆನೆಯುವವರು ಯಾರು? ಅವಿಭಜಿತ ಪಂಜಾಬಿನ ಆ ಹಳ್ಳಿಗಳು ಈಗ ಎರಡು ದೇಶಗಳಲ್ಲಿ ಹಂಚಿಹೋಗಿವೆ. 16ನೇ ಪಂಜಾಬ್ ರೆಜಿಮೆಂಟ್ 1947ರಲ್ಲಿ ಪಾಕಿಸ್ತಾನದ ಪಾಲಾಯಿತು. ಬ್ರಿಟಿಷರಿಗೆ ಅವರು ಕಳೆದುಹೋದ ಸಾಮ್ರಾಜ್ಯದ ಸಿಪಾಯಿಗಳು. ಸ್ವಾತಂತ್ರ್ಯದ ಕಥೆಯಲ್ಲಿ ಅವರು ಫೌಜ್ ಸೇರದವರು. ಹೀಗೆ ಎಲ್ಲ ಪುಸ್ತಕಗಳಿಂದಲೂ ಹೊರಗುಳಿದು, ಕೊನೆಗೆ ಅಮೆರಿಕದ ಕಪ್ತಾನನೊಬ್ಬನ ಕಥೆಯಲ್ಲಿ ಒಂದು ಅಂಕಿಯಾಗಿ ಉಳಿದರು.

ನಿಗಡಿಯಿಂದ ಹಳೇ ಮುಂಬೈ ರಸ್ತೆ ಹಿಡಿದು ಚಿಂಚವಡ, ದಾಪೋಡಿ ದಾಟಿದರೆ ಖಡಕಿ. ಅಲ್ಲಿನ ಯುದ್ಧ ಸ್ಮಶಾನದಲ್ಲಿ ಎರಡನೇ ಮಹಾಯುದ್ಧದ 1,668 ಸಮಾಧಿಗಳಿವೆ. ಹುಲ್ಲು ಕತ್ತರಿಸಿ, ಕಲ್ಲು ತೊಳೆದು, ಹೆಸರು ಮಾಸದಂತೆ ಕಾಯ್ದಿದ್ದಾರೆ. ಆ ಸಾಲುಗಳ ನಡುವೆ ನಡೆಯುವಾಗಲೆಲ್ಲ ನನಗೆ ಸಮಾಧಿಯೇ ಇಲ್ಲದವರು ನೆನಪಾಗುತ್ತಾರೆ. ಸಿಂಗಪುರದ ಕ್ರಾಂಜಿಯಲ್ಲಿ ಅಂಥ 24,000ಕ್ಕೂ ಹೆಚ್ಚು ಹೆಸರುಗಳನ್ನು ಗೋಡೆಯ ಮೇಲೆ ಕೆತ್ತಿದ್ದಾರೆ. ಅದರಲ್ಲಿ ಭಾರತೀಯರು ಬಹಳ ಮಂದಿ.

ಓದುಗರಲ್ಲಿ ನನ್ನ ಕೋರಿಕೆ ಒಂದೇ. ನಿಮ್ಮ ಮನೆಯ ಹಿರಿಯರಲ್ಲಿ ಯಾರಾದರೂ 'ಸಿಂಗಪುರದ ಕಡೆ ಯುದ್ಧಕ್ಕೆ ಹೋದವರು ಬರಲೇ ಇಲ್ಲ' ಎಂದು ಹೇಳಿದ್ದರೆ ಆ ಹೆಸರು, ಊರು, ತಂದೆಯ ಹೆಸರು ಈಗಲೇ ಬರೆದಿಡಿ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣದಲ್ಲಿ ಹೆಸರು, ದಳ ಕೊಟ್ಟು ಯಾರು ಬೇಕಾದರೂ ಉಚಿತವಾಗಿ ಹುಡುಕಬಹುದು. ಹೆಸರಿನ ಕಾಗುಣಿತ ಇಂಗ್ಲಿಷಿನಲ್ಲಿ ಬೇರೆಬೇರೆ ರೀತಿ ಇರಬಹುದು, ನಾಲ್ಕಾರು ಬಗೆಯಲ್ಲಿ ಪ್ರಯತ್ನಿಸಿ. ಹೇಳಬಲ್ಲ ಅಜ್ಜ ಅಜ್ಜಿಯರು ಇನ್ನು ಹೆಚ್ಚು ಕಾಲ ನಮ್ಮೊಡನೆ ಇರುವುದಿಲ್ಲ.